ಗಂಟಲು ಸಾಫ್ ಮಾಡಿಕೊಳ್ಳುವ ಲಾರಿ

ಒಗೆದ ಅರಿವೆ ಒಣಗಿದ ಮೇಲೆ, ಮಡಚುವ ಮೊದಲು ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿ ಬೆರಳನ್ನು ಬೆಳಕಿಗೆ ಹಿಡಿದು ನೋಡುವ ಚಾಳಿ ನನಗಿದೆ. ಮನೆಯಲ್ಲಿ ಎಲ್ಲರೂ ಇದನ್ನು ನೋಡಿ ನಕ್ಕು ನಕ್ಕು ಈಗ ನಗುವುದನ್ನೂ ಬಿಟ್ಟಿದ್ದಾರೆ. ಸೊಸೆ ಮಾತ್ರ ಹೊಸದಾಗಿ ಬಂದಾಗ ಮುಖ ಊದಿಸಿಕೊಂಡಿದ್ದಳು. ತಾನು ಒಗೆದದ್ದನ್ನು ಅತ್ತೆ ತಪಾಸು ಮಾಡುತ್ತಾಳೆ ಅಂದುಕೊಂಡಿದ್ದಳು. ನಿನ್ನ ಮೇಲೆ ನನಗೆ ಸಂಶಯವಿಲ್ಲವ್ವಾ, ಸಂಶಯ ಇರುವುದು ಲಾರಿಯ ಮೇಲೆ ಅಂದೆ. ಯಾವ ಲಾರಿ ಅಂದಳು. ಅದು ಗುಜರಿಗೆ ಹೋಗಿ ಬಹಳ ವರ್ಷವಾಯಿತು ಅಂತ ಹೇಳಿದ ಮೇಲೆ ಅವಳಿಗೆ ನನ್ನ ತಲೆಯ ಮೇಲೆಯೇ ಸಂಶಯ ಬಂದಿರಬೇಕು. ನಿಮಗಾದರೂ ಸರಿಯಾಗಿ ಹೇಳುತ್ತೇನೆ, ಕೇಳಿ.

ನಾನು ಡ್ರೈವರನ ಮಗಳು, ಡ್ರೈವರನ ಹೆಂಡತಿ. ಇಬ್ಬರ ನಡುವೆ ಸಿಕ್ಕು ನಾನು ಪಟ್ಟ ಕಿರಿಕಿರಿ ಅಷ್ಟಿಷ್ಟಲ್ಲ.

ಅಪ್ಪ ಗಡಹಿಂಗ್ಲಜದ ಒಬ್ಬ ವ್ಯಾಪಾರಿಯ ಲಾರಿ ನಡೆಸುತ್ತಿದ್ದ. ನಮ್ಮೂರು ಮಹಾಗಾಂವ, ಗಡಹಿಂಗ್ಲಜದಿಂದ ದೂರವಲ್ಲ. ಮೆಣಸಿನಕಾಯಿ, ಶೇಂಗಾ ಹೇರಿಕೊಂಡು ಕೊಲ್ಹಾಪುರಕ್ಕೆ ಹೋಗುವುದು, ಬರುವಾಗ ಕಿರಾಣಿ ಸಾಮಾನು ತರುವುದು. ಕೊಲ್ಹಾಪುರದಲ್ಲಿ ನನ್ನ ಸೋದರತ್ತೆ ಇದ್ದಳು. ವರ್ಷಕ್ಕೆ ಎರಡು ಸಲವಾದರೂ ಅಪ್ಪನ ಪಕ್ಕದಲ್ಲಿ ಕೂತು ಅವಳ ಮನೆಗೆ ಹೋಗುವ ಸುಯೋಗ ನನಗೆ. ಸುಯೋಗ ಅಂದೆನಲ್ಲ, ಹೊರಡುವ ತನಕ ಮಾತ್ರ ಅದು ಸುಯೋಗ. ಹೊರಟ ಮೇಲೆ ಜೀವ ಬೇಡವಾಗುತ್ತಿತ್ತು. ಅಪ್ಪ ಅಷ್ಟು ನಿಧಾನ.

ದೂರದಲ್ಲಿ ರಸ್ತೆಯ ಮೇಲೆ ಕುರಿ ಹಿಂಡು ಬೆಳ್ಳಗೆ ಕಂಡರೆ ಸಾಕು, ಇಲ್ಲಿಯೇ ಎಕ್ಸಿಲೇಟರಿನ ಮೇಲಿನ ಕಾಲು ಎತ್ತುತ್ತಿದ್ದ. ಲಾರಿ ತಾನೇ ತಾನಾಗಿ ಉರುಳುತ್ತ, ಉರುಳುತ್ತ ಹೋಗಿ ಮುಟ್ಟುವ ಹೊತ್ತಿಗೆ ಕುರಿಗಳು ರಸ್ತೆ ದಾಟಿ, ಕುರುಬರವ ಕಂಬಳಿ ಹಾಸಿ, ಬುತ್ತಿ ಬಿಚ್ಚಿ ಕೂತಿರುತ್ತಿದ್ದ. ಬ್ರೇಕು ಎನ್ನುವುದು ದೇವರ ಮನೆಯ ಬೆಳ್ಳಿ ಸಾಮಾನು ಇದ್ದಂತೆ, ಅಗದೀ ಬೇಕಾದರೆ ಮಾತ್ರ ಅದನ್ನು ಮುಟ್ಟಬೇಕು ಅನ್ನುವ ಹಾಗೆ. ಮುರಗೂಡದ ಹತ್ತಿರ ಒಂದು ಏರಿನಲ್ಲಿ ಒಮ್ಮೆ ಖಾಲಿ ಚಕ್ಕಡಿಯೊಂದು ನಮ್ಮನ್ನು ಹಿಂದೆ ಹಾಕಿತು. ಚಕ್ಕಡಿಯವ ತಿರುಗಿ ನನ್ನ ಕಡೆ ನೋಡಿ, ಲಗೂ ಹೋಗಬೇಕಾಗಿದ್ದರೆ ಇಳಿದು ಬಾ ಅಂತ ಕರೆದ. ಅವನು ಚೇಷ್ಟೆ ಮಾಡಲಿಲ್ಲ, ಮನಸಾರೆ ಕರೆದಿದ್ದ. ನನಗೆ ಅದೇ ಹೆಚ್ಚು ನಾಚಿಕೆ. ಊರಲ್ಲಿ ನನ್ನ ಓರಗೆಯವರು ಅಪ್ಪನಿಗೆ 'ಎಮ್ಮಿ ಡ್ರೈವರ' ಅಂತ ಹೆಸರಿಟ್ಟಿದ್ದರು. ನಾನು ಎಮ್ಮಿ ಡ್ರೈವರನ ಮಗಳು. ಹೀಗಾಗಿ ನನ್ನ ಹದಿನೇಳನೆಯ ವರ್ಷಕ್ಕೆ ಇಚಲಕರಂಜಿಯ ಸಂಬಂಧ ಬಂದಾಗ, ಹುಡುಗ ಸ್ವಂತ ಲಾರಿಯವನು, ಕೊಲ್ಹಾಪುರದಿಂದ ಇಚಲಕರಂಜಿಗೆ ಸೋಸಿಟ್ಟ ಚಹಾ ಆರುವುದರೊಳಗೆ ಬರುತ್ತಾನೆ ಅಂತ ಯಾರೋ ಹೇಳಿದರು. ನಾನು ಮುಂದೆ ಒಂದು ಮಾತೂ ಕೇಳಲಿಲ್ಲ.

ಅಪ್ಪ ಹುಡುಗನನ್ನು ನೋಡಿಕೊಂಡು ಬಂದು ಅಂಗಳದಲ್ಲಿ ಕಾಲು ತೊಳೆಯುತ್ತ ಅವ್ವನಿಗೆ ಹೇಳಿದ್ದು ಇಷ್ಟೇ: "ಹುಡುಗ ಚೊಲೋ ಅದಾನ. ಕಾಲು ಒಂದೀಟು ವಜ್ಜಿ."

ವಜ್ಜೆ ಅಂದರೆ ಭಾರ. ಅಪ್ಪ ಅಂದದ್ದು ಗಾಡಿ ಹೊಡೆಯುವ ರೀತಿಯ ಬಗ್ಗೆ. ನನಗೆ ಅದು ತಿಳಿಯದೆ, ಲಗ್ನದ ದಿನ ಅಂತರಪಟ ಸರಿಯುವ ಮೊದಲು ಅದರ ಕೆಳಗಿನಿಂದ ಮದುಮಗನ ಪಾದ ನೋಡಿದೆ. ತೆಳ್ಳಗೆ, ಉದ್ದಗೆ, ಅಂದವಾಗಿದ್ದವು. ಅಪ್ಪನಿಗೆ ಕಣ್ಣು ಮಂಜಾಗಿರಬೇಕು ಅಂದುಕೊಂಡೆ.

ಇಚಲಕರಂಜಿಯ ಮನೆ ಎರಡು ಖೋಲಿಯದು. ಓಣಿ ಇಳಿಜಾರು, ಕೆಳಗೆ ದೊಡ್ಡ ರಸ್ತೆಗೆ ಹೋಗಿ ಕೂಡುತ್ತದೆ. ಲಾರಿ ನಿಲ್ಲುವುದು ಮುಂದಿನ ಖೋಲಿಯ ಖಿಡಕಿಗೆ ಹತ್ತಿಕೊಂಡೇ. ಖಿಡಕಿಯ ಒಳಗೆ ಅತ್ತೆಯ ಹೊರಸು. ಹೊರಸಿನ ಕಾಲಬುಡದಲ್ಲಿ ನನ್ನ ರಾಟೆ. ಊರೆಲ್ಲ ಮಗ್ಗ ಇರುವಾಗ ಹೆಂಗಸರು ಸುಮ್ಮನೆ ಕೂಡುವುದುಂಟೆ? ಮಗ್ಗದ ಮಾಲಕರು ಗಂಜಿ ಹಾಕಿದ ನೂಲಿನ ಲಡಿ ಕಳಿಸುತ್ತಿದ್ದರು. ನಾನು ಅದನ್ನು ಓಣಿಯ ಬದಿಯ ಹಗ್ಗದ ಮೇಲೆ ಒಣಹಾಕಿ, ಆಮೇಲೆ ರಾಟೆಗೆ ಹಚ್ಚಿ ಮಗ್ಗದ ಲಾಳಿಗೆ ಕಂಡಿಕೆ ಸುತ್ತಿ ಕೊಡುತ್ತಿದ್ದೆ.

ಅತ್ತೆ ಅಕಿವಾಟದವರು. ಮಾವ ಕೊಲ್ಹಾಪುರ ಸ್ಟೇಶನ್ನಿನಲ್ಲಿ ಹಮಾಲರಾಗಿದ್ದವರು, ಮಗ ಸಣ್ಣವನಿದ್ದಾಗಲೇ ಒಂದು ದಿನ ಕೆಲಸಕ್ಕೆ ಹೋದವರು ಅಲ್ಲಿಯೇ ಕುಸಿದು ಬಿದ್ದು ತೀರಿಕೊಂಡಿದ್ದರು. ಅಲ್ಲಿಂದ ಅತ್ತೆ ಒಬ್ಬರೇ ಮಗನನ್ನು ಬೆಳೆಸಿದವರು. ಅವರಿಗೆ ದಮ್ಮು. ಉಸಿರು ಸಿಕ್ಕಿಕೊಂಡರೆ ಹೊರಸಿನ ಪಟ್ಟಿ ಹಿಡಿದು, ಭುಜ ಎತ್ತಿ, ಬಾವಿಯಿಂದ ನೀರು ಸೇದುವವರ ಹಾಗೆ ಗಾಳಿ ಸೇದುತ್ತಿದ್ದರು. ಮಗನಿಗೆ ತಾಯಿ ಅಂದರೆ ಪ್ರಾಣ. ಈ ಮಾತನ್ನು ನೀವು ನೆನಪಿಡಬೇಕು, ಯಾಕೆಂದರೆ ನನ್ನ ಕಿರಿಕಿರಿಯೆಲ್ಲ ಅದರಿಂದಲೇ ಹುಟ್ಟಿದ್ದು.

ಇವರು ಬೆಳಿಗ್ಗೆ ಎದ್ದು, ಹಣೆಗೆ ಭಂಡಾರ ಹಚ್ಚಿಕೊಂಡು, ಚಹಾ ಕುಡಿದು ಲಾರಿ ಏರುತ್ತಿದ್ದರು. ಚಾಲೂ ಮಾಡಿ ಕಾಲು ಇಟ್ಟರೆಂದರೆ ಎತ್ತುವ ಮಾತೇ ಇಲ್ಲ. ಲಾರಿ ಹೂಂಕರಿಸಿ ಹೂಂಕರಿಸಿ ಓಣಿಯ ಹೆಂಚೆಲ್ಲ ನಡುಗಬೇಕು. ಹಿಂದಿನ ಕೊಳವೆಯಿಂದ ಹೊಗೆ ಬರುತ್ತಿತ್ತು ನೋಡಿ, ಕಾಡಿಗೆಯಷ್ಟು ಕಪ್ಪು. ಅದು ಗೋಡೆಗೆ ಬಡಿದು, ಬೇರೆ ದಾರಿಯಿಲ್ಲದೆ ನಮ್ಮ ಖಿಡಕಿಯೊಳಗೆ ಬರುತ್ತಿತ್ತು. ಇವರಿಗೆ ಅದು ಕಾಣುತ್ತಿರಲಿಲ್ಲ. ಡ್ರೈವರನ ಮುಖ ಮುಂದಕ್ಕೆ, ಹೊಗೆ ಹಿಂದಕ್ಕೆ. ಅವರು ಓಣಿ ಇಳಿದು ತಿರುವು ದಾಟುವಾಗ ಇಲ್ಲಿ ಅತ್ತೆಯ ಕೆಮ್ಮು ಶುರುವಾಗುತ್ತಿತ್ತು. ಸಂಜೆ ಬಂದು, ಯವ್ವಾ ಇವತ್ತು ಹೆಂಗಿದ್ದಿ ಅಂತ ಕೇಳಿದರೆ ಅತ್ತೆ, ಚೊಲೋ ಇದ್ದೆ ಅಂತ ಹೇಳುತ್ತಿದ್ದರು. ನಾನು ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದೆ.

ಒಣಹಾಕಿದ ಲಡಿಗಳ ಮೇಲೆ ಮಸಿ ಕೂಡತೊಡಗಿದಾಗ ನಾನು ಮೊದಲ ಸಲ ಬಾಯಿಬಿಟ್ಟೆ. ಬೆಳ್ಳಗಿನ ನೂಲನ್ನು ಹೆಬ್ಬೆರಳಿನಿಂದ ತಿಕ್ಕಿ, ಕರ್ರಗಾದ ಬೆರಳನ್ನು ಇವರ ಮೂಗಿನ ಮುಂದೆ ಹಿಡಿದೆ. ಗಾಡಿ ಎದ್ದ ಕೂಡಲೇ ಅದರ ಗಂಟಲು ಸಾಫ್ ಆಗಬೇಕು, ಇಲ್ಲದಿದ್ದರೆ ದಿನವೆಲ್ಲ ಎಳೆಯುವುದಿಲ್ಲ, ಹೆಂಗಸರಿಗೆ ಇದು ತಿಳಿಯುವುದಿಲ್ಲ ಅಂದರು. ನಿಮ್ಮ ಗಾಡಿ ಗಂಟಲು ಸಾಫ್ ಮಾಡಿಕೊಳ್ಳುವುದಕ್ಕೆ ಇಲ್ಲಿ ಅತ್ತೆಯ ಗಂಟಲು ಕಟ್ಟುತ್ತದೆ ಅಂದೆ. ಇವರು ಯೋಚನೆಗೆ ಬಿದ್ದರು. ಅಬ್ಬಾ, ನಾಟಿತು ಅಂದುಕೊಂಡೆ. ಎರಡು ದಿನ ಬಿಟ್ಟು, ಇನ್ನು ಗಡಹಿಂಗ್ಲಜದ ಮೆಣಸಿನಕಾಯಿ ಹೇರುವುದಿಲ್ಲ ಅಂತ ಸಾರಿದರು. ಮೆಣಸಿನಕಾಯಿಯ ಘಾಟು ಲಾರಿಯ ಹಲಗೆಗೆ ಹತ್ತಿಕೊಂಡು ಬರುತ್ತದೆ, ಅವ್ವನಿಗೆ ಅದರಿಂದಲೇ ತ್ರಾಸು, ಗಿರಾಕಿ ಹೋದರೂ ಹೋಗಲಿ. ಓಣಿಯವರೆಲ್ಲ, ಮಗ ಅಂದರೆ ಹೀಗಿರಬೇಕು ಅಂದರು. ಮರುದಿನ ಬೆಳಿಗ್ಗೆ ಮಗ ಲಾರಿ ಏರಿ ಇನ್ನಷ್ಟು ಉಮೇದಿನಿಂದ ಗಂಟಲು ಸಾಫ್ ಮಾಡಿದರು.

ಕೆಮ್ಮು ಹೋಗಲಿಲ್ಲ. ಕೊಲ್ಹಾಪುರದ ದೊಡ್ಡ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಲಾರಿಯಲ್ಲೇ ಹೋದೆವು. ನಾನು ನಡುವೆ, ಅತ್ತೆ ಬಾಗಿಲ ಕಡೆ, ನನ್ನ ಕಾಲ ಕೆಳಗೆ ಡೀಸೆಲ್ಲಿನ ಡಬ್ಬಿ. ಇವರ ಲಾರಿ ಎಲ್ಲಿ ಬಾಯಾರಿ ನಿಲ್ಲುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಹೀಗಾಗಿ ಡಬ್ಬಿ ಬಿಟ್ಟು ಹೊರಡುತ್ತಿರಲಿಲ್ಲ. ಮುಂದೆ ಚಕ್ಕಡಿ ಕಂಡರೆ ಅದರ ಬಾಲಕ್ಕೆ ಮುಟ್ಟುವ ತನಕ ಓಡಿಸುವುದು, ಮುಟ್ಟುತ್ತಲೇ ಗಕ್ಕನೆ ಬ್ರೇಕು ಒತ್ತುವುದು, ಮತ್ತೆ ಹೂಂಕರಿಸಿ ಬಿಡುವುದು. ಅತ್ತೆಯ ತಲೆ ಮುಂದೆ ಹಿಂದೆ ತೂಗುತ್ತಿತ್ತು. ಚಹಾ ಆರುವುದರೊಳಗೆ ಬರುತ್ತಾನೆ ಅಂದಿದ್ದರಲ್ಲ, ಹಾದಿಯಲ್ಲಿ ಡೀಸೆಲ್ ಸುರಿಯುವುದಕ್ಕೆ ನಿಂತಾಗ ಆ ಚಕ್ಕಡಿಗಳೇ ನಮ್ಮನ್ನು ಮತ್ತೆ ದಾಟಿ ಹೋದವು. ಎಮ್ಮಿ ಡ್ರೈವರನ ಮಗಳಾದ ನನಗೆ ಮತ್ತೆ ಅದೇ ನಾಚಿಕೆ.

ಡಾಕ್ಟರರು ಅತ್ತೆಯ ಎದೆಗೆ ನಳಿಗೆ ಇಟ್ಟು ಕೇಳಿ, ಇವರ ಕಡೆ ತಿರುಗಿ ಹೇಳಿದರು: "ಯಾಂನಾ ಧುರಾಪಾಸೂನ್ ಲಾಂಬ್ ಠೇವಾ." ಹೊಗೆಯಿಂದ ದೂರ ಇಡಿರಿ ಅಂತ. ನಾನು ಇವರ ಮುಖ ನೋಡಿದೆ. ಇವರ ಕಣ್ಣಲ್ಲಿ ನೀರು ಬಂದಿತ್ತು. ಈಗಾದರೂ ತಿಳಿಯಿತು ಅಂದುಕೊಂಡು ದೇವರಿಗೆ ಕೈ ಮುಗಿದೆ.

ಮನೆಗೆ ಬಂದವರೇ ಹಾರೆ ತೆಗೆದುಕೊಂಡು ನನ್ನ ಒಲೆ ಅಗೆದರು.

ಹೌದು, ಒಲೆ. ಹಿಂದಿನ ಖೋಲಿಯ ಒಲೆ. ಅತ್ತೆಗೆ ಹೊಗೆ ಆಗುವುದಿಲ್ಲವಂತೆ, ಒಲೆ ಹಿತ್ತಲಲ್ಲಿ ಇರಲಿ ಅಂತ. ಹಿತ್ತಲಲ್ಲಿ ನಾಲ್ಕು ಕಟ್ಟಿಗೆ ನೆಟ್ಟು, ಮೇಲೆ ತಗಡು ಹಾಕಿಕೊಟ್ಟರು. ಆ ಮಳೆಗಾಲವೆಲ್ಲ ನಾನು ಒಂದು ಕೈಯಲ್ಲಿ ರೊಟ್ಟಿ ಬಡಿದು, ಒಂದು ಕೈಯಲ್ಲಿ ತಗಡು ಹಾರದಂತೆ ಹಿಡಿದದ್ದು. ಒಲೆಯ ಹೊಗೆಯೂ ಒಳ್ಳೆಯದಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಬೆಳಿಗ್ಗೆ ನೆನೆದ ಕಟ್ಟಿಗೆ ಊದುತ್ತ ಹಿತ್ತಲಲ್ಲಿ ಕೂತಾಗ ಮುಂದಿನಿಂದ ಲಾರಿಯ ಆ ಹೂಂಕಾರ ಕೇಳಿದರೆ, ಊದುಗೊಳವೆ ತೆಗೆದುಕೊಂಡು ಹೋಗಿ ಲಾರಿಯ ಕೊಳವೆಗೆ ಬೆಣೆ ಬಡಿದು ಬರಲೇ ಅನ್ನಿಸುತ್ತಿತ್ತು. ಮುಂದೆ ಎದುರುಮನೆಯ ಮುದುಕನ ಬೀಡಿ ಬಂದ್ ಆಯಿತು. ದೇವರ ಮುಂದಿನ ಊದುಬತ್ತಿ ಹೋಯಿತು. ತಾಯಿಯ ಸಲುವಾಗಿ ಇವರು ಜಗತ್ತಿನ ಎಲ್ಲ ಹೊಗೆಯ ಮೇಲೂ ಯುದ್ಧ ಸಾರಿದರು, ಒಂದನ್ನು ಬಿಟ್ಟು.

ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ದಿನ ಕೊಲ್ಹಾಪುರ ಸ್ಟೇಶನ್ನಿನಲ್ಲಿ ನೂಲಿನ ಗಂಟು ಇಳಿಸುವಾಗ ಒಂದು ಗಂಟು ಜಾರಿ ಇವರ ಕಾಲ ಮೇಲೆ ಬಿತ್ತು. ಬಲಗಾಲು. ನಾನು ಅತ್ತದ್ದೇನೋ ನಿಜ. ಆದರೆ ದೇವರು ಹುಡುಕಿ ಹುಡುಕಿ ಆ ಕಾಲನ್ನೇ ಆರಿಸಿದ ಅನ್ನುವ ವಿಚಾರ ನಡುವೆ ಬಂದು ಹೋಯಿತು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಪ್ಲಾಸ್ಟರ್ ಹಾಕಿದರು. ಲಾರಿ ನಿಂತರೆ ಮನೆಯೇ ನಿಂತಂತೆ. ಸುದ್ದಿ ತಿಳಿದು ಮಹಾಗಾಂವದಿಂದ ಅಪ್ಪ ಬಂದ. ಅವನ ವ್ಯಾಪಾರಿ ಅಷ್ಟೊತ್ತಿಗೆ ಲಾರಿ ಮಾರಿದ್ದ. ಅಪ್ಪ ಮನೆಯಲ್ಲೇ ಇದ್ದ. ಕಾಲು ನೆಟ್ಟಗಾಗುವ ತನಕ ನಾನು ಹೊಡೆಯುತ್ತೇನೆ ಅಂದ. ಇವರು, ಆಗಲಿ ಮಾವಾರ ಅಂದರು. ಅಪ್ಪ ಹೊರಗೆ ಹೋದ ಮೇಲೆ ನನಗೆ, ನಿಮ್ಮಪ್ಪ ಸೋಮವಾರ ಹೊರಟರೆ ಬುಧವಾರ ಕೊಲ್ಹಾಪುರ ಮುಟ್ಟುತ್ತಾರೆ ಅಂದರು. ನಾನೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡಿದ್ದೆ, ಆದರೆ ಅವರ ಬಾಯಿಂದ ಕೇಳಿ ಸಿಟ್ಟು ಬಂತು.

ಇವರ ಹಾಸಿಗೆಯನ್ನು ಅತ್ತೆಯ ಹೊರಸಿನ ಪಕ್ಕದಲ್ಲಿ ಹಾಸಿದೆ. ಬೆಳಿಗ್ಗೆ ಅಪ್ಪ ಲಾರಿ ಏರಿದ. ಮೊದಲು ಒಂದು ಬಿದಿರು ಕಡ್ಡಿ ಟಾಕಿಯೊಳಗೆ ಇಳಿಸಿ, ಎಣ್ಣೆ ಎಲ್ಲಿಗೆ ಬಂದಿದೆ ನೋಡಿ, ಕಡ್ಡಿಗೆ ಗೀರು ಹಾಕಿದ. ಆಮೇಲೆ ಚಾಲೂ ಮಾಡಿದ. ಕಾಲು ಒತ್ತಲಿಲ್ಲ. ಲಾರಿ ನಾಲ್ಕು ಸಲ ಗೊಣಗಿ, ಹಗೂರಕ್ಕೆ ಓಣಿ ಇಳಿದು ಹೋಯಿತು. ಖಿಡಕಿಯಲ್ಲಿ ತೆಳ್ಳಗೆ ಒಂದು ಎಳೆ ಹೊಗೆ ಬಂತು, ಹೋಯಿತು. ಇವರು ಹಾಸಿಗೆಯಲ್ಲಿ ಮಲಗಿಯೇ ಕಿವಿಗೊಟ್ಟು, ಮುಂದಿನ ತಿರುವಿಗೆ ಬಂದ್ ಬೀಳುತ್ತದೆ ನೋಡು ಅಂದರು. ಬಂದ್ ಬೀಳಲಿಲ್ಲ. ಅತ್ತೆ ಕೆಮ್ಮಲಿಲ್ಲ. ಹಗ್ಗದ ಮೇಲಿನ ಲಡಿಯನ್ನು ಹೆಬ್ಬೆರಳಿನಿಂದ ತಿಕ್ಕಿದೆ. ಬೆರಳು ಬೆರಳಾಗಿಯೇ ಇತ್ತು.

ಸಂಜೆ ಅಪ್ಪ ಇವರು ಬರುವ ಹೊತ್ತಿಗೇ ಬಂದ. ಬಹಳವಾದರೆ ಒಂದು ಚಹಾ ಕುಡಿಯುವಷ್ಟು ತಡ. ಟಾಕಿಗೆ ಮತ್ತೆ ಕಡ್ಡಿ ಇಳಿಸಿ, ಗೀರಿಗೂ ಎಣ್ಣೆಗೂ ನಡುವೆ ಬೆರಳಿಟ್ಟು ಎಣಿಸಿ, ಇವರಿಗೆ ತೋರಿಸಿದ. ಸೀಟಿನ ಹಿಂದಿನ ಡಬ್ಬಿಯನ್ನು ಎತ್ತಿ ತಂದು, ಇದು ಯಾತಕ್ಕೆ ಅಳಿಯಾರ ಅಂತ ಕೇಳಿದ. ಅದು ಹೊರಡುವಾಗ ತುಂಬಿದ್ದ ಹಾಗೇ ತುಂಬಿತ್ತು. ಇವರು ಗೋಡೆಯ ಕಡೆ ಮಗ್ಗಲಾದರು.

ಆ ಹೊತ್ತಿಗೆ ಅಪ್ಪ ಹೇಳಿದ ಒಂದು ಮಾತು ನನಗೆ ಈಗಲೂ ನೆನಪಿದೆ. ಅವನಿಗೆ ಮಾತು ಕಡಿಮೆ. "ಗಾಡಿ ಕರಿ ಹೊಗಿ ಬಿಟ್ರ, ಉಣಿಸಿದ್ದು ಅದಕ್ಕ ದಕ್ಕಿಲ್ಲಂತ ತಿಳೀಬೇಕು ಅಳಿಯಾರ. ಹಸಿವಿ ಇದ್ದಷ್ಟ ಉಣಸ್ರಿ."

ನನಗೆ ಸಿಟ್ಟು ತಡೆಯಲಾಗಲಿಲ್ಲ, ಇಬ್ಬರ ಮೇಲೂ. ಗಂಡನ ಮೇಲೆ ಸರಿ. ಅಪ್ಪನ ಮೇಲೆ ಯಾಕೆ ಅನ್ನುತ್ತೀರಿ? ಮದುವೆಗೆ ಮೊದಲು ಇದನ್ನು ಇಷ್ಟು ಬಿಡಿಸಿ ನನಗೆ ಹೇಳಿದ್ದರೆ ನಾನು ಪಾದ ನೋಡುತ್ತ ನಿಲ್ಲುತ್ತಿದ್ದೆನೇ?

ಹತ್ತು ದಿನವಾದ ಮೇಲೆ ಅಪ್ಪ ಊರಿನಲ್ಲಿ ಏನೋ ಕೆಲಸ ಅಂತ ಒಂದು ದಿನಕ್ಕೆ ಮಹಾಗಾಂವಕ್ಕೆ ಹೋದ. ಮಗ್ಗದವರ ನೂಲು ತುರ್ತಾಗಿ ಬರಬೇಕಿತ್ತು. ಇವರು ತಮ್ಮ ಗೆಳೆಯ ಬಾಳೂನನ್ನು ಕರೆಸಿದರು. ಬಾಳೂ ಮರಾಠಿಯವ, ಒಳ್ಳೆಯ ಹುಡುಗ, ಲಾರಿ ಹೊಡೆಯುವುದನ್ನು ಇವರಿಂದಲೇ ಕಲಿತವ. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಬೆಳಿಗ್ಗೆ ಬಾಳೂ ಲಾರಿ ಏರಿ ಚಾಲೂ ಮಾಡಿದ. ಹತ್ತು ದಿನ ಎಮ್ಮೆಯಾಗಿದ್ದ ಲಾರಿ ಮತ್ತೆ ಹುಲಿಯಾಯಿತು. ಇವರು ಖುಷಿಯಾಗಿ ದಿಂಬಿಗೆ ಒರಗಿ ಎದ್ದು ಕೂತರು. ಕರಿ ಹೊಗೆ ಖಿಡಕಿಯೊಳಗೆ ಸುರುಳಿ ಸುರುಳಿಯಾಗಿ ಇಳಿಯಿತು. ಇವರು ಕಣ್ಣು ಉಜ್ಜಿಕೊಂಡರು, ಕೆಮ್ಮಿದರು. ಪಕ್ಕಕ್ಕೆ ತಿರುಗಿದರು. ಅತ್ತೆ ಹೊರಸಿನ ಪಟ್ಟಿ ಹಿಡಿದು ಭುಜ ಎತ್ತಿದ್ದರು. ಬಾಯಿ ತೆರೆದಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು.

ಮೂರು ವರ್ಷದಲ್ಲಿ ಇವರು ಒಮ್ಮೆಯೂ ಆ ಹೊತ್ತಿನಲ್ಲಿ ಆ ಖೋಲಿಯಲ್ಲಿ ಇರಲಿಲ್ಲ. ಅದು ನನಗೆ ಆಗ ಹೊಳೆಯಿತು.

"ಬಂದ್ ಮಾಡೋ ಬಾಳ್ಯಾ," ಅಂತ ಕೂಗಿದರು. ಲಾರಿಯ ಸಪ್ಪಳದಲ್ಲಿ ಬಾಳೂನಿಗೆ ಏನು ಕೇಳಬೇಕು? ಊರುಗೋಲು ತೆಗೆದುಕೊಂಡು ಖಿಡಕಿಯ ಸರಳಿಗೆ ಬಡಿದರು. ಬಾಳೂ ತಿರುಗಿ ನೋಡಿದ. ಗೆಳೆಯ ಮೆಚ್ಚಿ ತಾಳ ಹಾಕುತ್ತಿದ್ದಾನೆ ಅಂತ ತಿಳಿದು ನಕ್ಕು, "ಐಕ್, ಕಸಾ ಆವಾಜ್," ಕೇಳು ಎಂಥ ಸಪ್ಪಳ ಅಂತ, ಇನ್ನೂ ಒತ್ತಿದ. ಇವರು ಪ್ಲಾಸ್ಟರಿನ ಕಾಲಿನಲ್ಲೇ ಏಳಲು ಹೋಗಿ ಬಿದ್ದರು. ನಾನು ಹಿತ್ತಲಿಂದ ಓಡಿ ಬಂದು, ಅವರನ್ನು ದಾಟಿ, ಹೊರಗೆ ಹೋಗಿ ಲಾರಿಯ ಬಾಗಿಲು ತೆಗೆದು ಬಾಳೂನ ಕೈ ಹಿಡಿದು ಎಳೆದೆ. ನನ್ನದು ಹಿಟ್ಟು ಮೆತ್ತಿದ ಕೈ. ಲಾರಿ ಬಂದ್ ಆಯಿತು.

ಅತ್ತೆಯ ಉಸಿರು ಹತೋಟಿಗೆ ಬರುವ ಹೊತ್ತಿಗೆ ಬಿಸಿಲು ಅಂಗಳಕ್ಕೆ ಇಳಿದಿತ್ತು. ನಾನು ಬೆನ್ನು ನೀವುತ್ತಿದ್ದೆ, ಇವರು ನೆಲದ ಮೇಲೆ ಕೂತು ತಾಯಿಯ ಪಾದ ಹಿಡಿದುಕೊಂಡಿದ್ದರು. ಬಾಳೂ ಹೊಸ್ತಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಇವರು ನನ್ನನ್ನು ಕೇಳಿದರು: "ದಿನಾ ಹಿಂಗ ಆಗ್ತಿತ್ತೇನು?"

ಮೂರು ವರ್ಷದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮೆಣಸಿನಕಾಯಿ, ಒಲೆ, ತಗಡು, ಮಳೆ, ಮುದುಕನ ಬೀಡಿ, ಎಲ್ಲವೂ. ಇವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಇಂಥ ಅವಕಾಶ ಹೆಂಡತಿಯಾದವಳಿಗೆ ಜೀವಮಾನದಲ್ಲಿ ಒಮ್ಮೆ ಬರುತ್ತದೆ, ಅದನ್ನೂ ಕಳೆದುಕೊಂಡೆ.

ಉತ್ತರ ಕೊಟ್ಟವರು ಅತ್ತೆ. ನನ್ನ ಕಡೆ ನೋಡಿ ಹೇಳಿದರು, "ನನಗ ಗೊತ್ತಿತ್ತು ತಾರಾ. ನೀ ಹೇಳೂಕಿಂತ ಮೊದಲ ಗೊತ್ತಿತ್ತು."

"ಮತ್ತ ಯಾಕ ಸುಮ್ಮನಿದ್ರಿ ಅತ್ತಿ?"

"ಆ ಸಪ್ಪಳಾ ಬಂದ್ರ ಮಗಾ ಹೊಂಟಾನ ಅಂತ ತಿಳೀತಿತ್ತು. ಇವರಪ್ಪ ಒಂದ ಮಾತ ಹೇಳದ ಹ್ವಾದಾಂವ, ಹ್ವಾದ. ಇಂವಾನೂ ಬಾಯಿಬಿಟ್ಟು ಹೇಳೂ ಪೈಕಿ ಅಲ್ಲ. ಗಾಡೀ ಕಡಿಂದರ ಹೇಳಸ್ತಾನಲಾ ಅಂತ..."

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಉಸಿರು ಕಟ್ಟಿದರೂ ಸರಿ, ಮಗನ ಸಪ್ಪಳ ಕೇಳಬೇಕಂತೆ. ತಾಯಿ ಹೀಗೆ, ಮಗ ಹಾಗೆ. ನಡುವೆ ನಾನು ಮಳೆಯಲ್ಲಿ ರೊಟ್ಟಿ ಬಡಿಯಬೇಕು. ಎದ್ದು ಹಿತ್ತಲಿಗೆ ಹೋದೆ, ಅಳುವುದಕ್ಕೆ. ರೊಟ್ಟಿ ಸುಟ್ಟು ಕರಕಾಗಿತ್ತು.

ಕಾಲು ಸರಿಯಾದ ಮೇಲೆ ಇವರು ಅಪ್ಪನ ಜೊತೆ ಗಡಹಿಂಗ್ಲಜಕ್ಕೆ ಒಂದು ಖೇಪು ಹೋದರು. ಕಲಿಯುವುದಕ್ಕೆ ಅಂತ ಹೇಳಲಿಲ್ಲ. ಮಾವಾರಿಗೆ ಜೊತೆ ಅಂತ ಹೇಳಿದರು. ಬರುವಾಗ ಸ್ಟೇರಿಂಗು ಇವರ ಕೈಯಲ್ಲಿತ್ತು, ಮುರಗೂಡದ ಏರಿನಲ್ಲಿ ಅಪ್ಪ ನಿದ್ದೆ ಹೋಗಿದ್ದ ಅಂತ ಆಮೇಲೆ ತಿಳಿಯಿತು. ಅಪ್ಪ ಬೇರೆಯವರ ಗಾಡಿಯಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ.

ಅಪ್ಪ ಊರಿಗೆ ಹೋದ ಮರುದಿನ ಬೆಳಿಗ್ಗೆ ಇವರು ಲಾರಿಯನ್ನು ಚಾಲೂ ಮಾಡಲೇ ಇಲ್ಲ. ಬ್ರೇಕು ಬಿಟ್ಟು, ಇಳಿಜಾರಿನಲ್ಲಿ ಹಾಗೇ ಉರುಳಿಸಿಕೊಂಡು ಹೋಗಿ, ದೊಡ್ಡ ರಸ್ತೆಯ ಮೂಲೆಯಲ್ಲಿ ಚಾಲೂ ಮಾಡಿದರು. ಓಣಿಯಲ್ಲಿ ಗುಬ್ಬಿಗಳ ಸಪ್ಪಳ ಬಿಟ್ಟರೆ ಏನೂ ಇಲ್ಲ. ಅತ್ತೆ ಎದ್ದು ಕೂತು ಕಾದರು. ಬಿಸಿಲೇರಿದ ಮೇಲೆ ಮಗನ ಹೆಸರು ಹಿಡಿದು, ದತ್ತು ಹೋದನೇನು ಅಂತ ಕೇಳಿದರು. ಆಗಲೇ ಹೋದರು ಅಂದೆ. ಆ ದಿನ ಅತ್ತೆ ಕೆಮ್ಮಲಿಲ್ಲ, ಚಹಾ ಕುಡಿಯಲಿಲ್ಲ, ಮಧ್ಯಾಹ್ನ ರೊಟ್ಟಿ ಮುರಿಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಹೇಳದ ಹ್ವಾದ, ಹೇಳದ ಹ್ವಾದ ಅಂತ ಎರಡು ಸಲ ಅಂದರು. ಸಂಜೆ ಇದನ್ನು ನಾನು ಇವರಿಗೆ ಹೇಳಿದೆ. ಹೇಳುವಾಗ ನನ್ನ ದನಿ ಏರಿತ್ತು.

ಮರುದಿನ ಲಾರಿ ಮೂಲೆಯ ತನಕ ಉರುಳಿ ಹೋಯಿತು. ಇವರು ಇಳಿದು, ಓಣಿಯ ಏರು ನಡೆದುಕೊಂಡು ಮರಳಿ ಬಂದು, ಖಿಡಕಿಗೆ ಬಗ್ಗಿ, "ಯವ್ವಾ, ಬರ್ತೇನಿ" ಅಂದರು. ಆ ಮಾತನ್ನು ಹೇಳುವುದಕ್ಕೆ ಅವರಿಗೆ ಎಷ್ಟು ಕಷ್ಟವಾಯಿತೆಂದರೆ ಕಿವಿಯ ತನಕ ಕೆಂಪಾಗಿದ್ದರು. ಅತ್ತೆ ಹೂಂ ಅಂದರು, ಅಷ್ಟೇ. ಚಹಾ ಎರಡು ಬಟ್ಟಲು ಕುಡಿದರು.

ದಮ್ಮು ಪೂರ್ತಿ ಹೋಯಿತೆಂದು ನಾನು ಸುಳ್ಳು ಹೇಳುವುದಿಲ್ಲ. ಚಳಿಗಾಲದಲ್ಲಿ ಬರುತ್ತಿತ್ತು, ಮಗ್ಗದ ಧೂಳಿಗೆ ಬರುತ್ತಿತ್ತು. ಆದರೆ ದಿನಾ ಬೆಳಗಿನ ಆ ಸೇದಾಟ ತಪ್ಪಿತು. ಅತ್ತೆ ಮತ್ತೆ ನಾಲ್ಕು ವರ್ಷ ಇದ್ದರು, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಶಾಂತವಾಗಿ ಹೋದರು. ಆ ನಾಲ್ಕು ವರ್ಷ ಇವರು ಒಂದು ದಿನವೂ ಖಿಡಕಿಗೆ ಬಗ್ಗುವುದನ್ನು ತಪ್ಪಿಸಲಿಲ್ಲ. ನನ್ನ ಒಲೆಯನ್ನು ಮಾತ್ರ ಒಳಗೆ ತಂದು ಹಾಕಲಿಲ್ಲ. ನಾಳೆ ಅನ್ನುತ್ತಿದ್ದರು.

ಅತ್ತೆಯ ತಿಥಿಯ ದಿನಗಳೆಲ್ಲ ಮುಗಿದು, ಬೀಗರೆಲ್ಲ ಊರಿಗೆ ಹೋಗಿ, ಇವರು ಮೊದಲ ಸಲ ಲಾರಿ ತೆಗೆದ ದಿನ ನಾನು ಹೊರಸು ಎತ್ತಿಟ್ಟು, ಆ ಜಾಗದಲ್ಲಿ ಖಿಡಕಿಯ ಬೆಳಕಿಗೆ ರಾಟೆ ಹಾಕಿಕೊಂಡು ಕೂತಿದ್ದೆ. ಲಾರಿ ಮೂಲೆಗೆ ಉರುಳಿ ಹೋಯಿತು. ಸ್ವಲ್ಪ ಹೊತ್ತಿಗೆ ಏರು ಹತ್ತಿ ಬರುವ ಚಪ್ಪಲಿಯ ಸಪ್ಪಳ. ಇವರು ಖಿಡಕಿಗೆ ಬಗ್ಗಿದರು. ಒಳಗೆ ಹೊರಸು ಇರಲಿಲ್ಲ, ನಾನಿದ್ದೆ. ಸರಳು ಹಿಡಿದುಕೊಂಡು ನಿಂತರು. ತಿರುಗಿ ಹೋಗುತ್ತಾರೇನೋ ಅಂದುಕೊಂಡೆ.

"ಬರ್ತೇನಿ," ಅಂದರು.

ನಾನು ರಾಟೆಯ ಕಡೆ ಬಗ್ಗಿದೆ. ಕಣ್ಣು ಮೇಲೆತ್ತಿದರೆ ಇಬ್ಬರೂ ಅಳುವುದು ಖಂಡಿತ ಇತ್ತು.

"ಆತು, ಖಿಡಕಿ ಬಿಟ್ಟು ಸರೀರಿ," ಅಂದೆ. "ಎಳಿ ಕಾಣವಲ್ದು."